‘ವಾಪಸ್’ ಎಂಬ ಕಾಲಂ

ನಮ್ಮ ಕಡೆ ಹಾಲಿನ ಕ್ಯಾನು ವಾಪಸ್ ಬಂತು ಅನ್ನುವುದು ಬೈಗುಳಕ್ಕಿಂತ ಕಡೆ. ಬೆಳಿಗ್ಗೆ ವ್ಯಾನು ಹತ್ತಿ ಹೋದ ಕ್ಯಾನು ಖಾಲಿಯಾಗಿ ಊರಿಗೆ ಮರಳಬೇಕು. ತುಂಬಿಕೊಂಡೇ ಮರಳಿದರೆ ಹಾಲು ಒಡೆದಿತ್ತು, ಇಲ್ಲವೇ ನೀರು ಬಿದ್ದಿತ್ತು ಎಂದು ಅರ್ಥ. ಅದನ್ನು ಯಾರೂ ಡಂಗುರ ಹೊಡೆಯಬೇಕಾಗಿಲ್ಲ. ವ್ಯಾನಿನಿಂದ ಕ್ಯಾನು ಇಳಿಸಲು ಇಬ್ಬರು ಬೇಕಾದರೆ ಸಾಕು, ಊರಿಗೆ ಊರೇ ತಿಳಿದುಕೊಳ್ಳುತ್ತದೆ. ಆ ದಿನ ಆ ಊರಿನಲ್ಲಿ ಹಾಲು ಪರೀಕ್ಷೆ ಮಾಡುವವರು ತಲೆ ಎತ್ತಿ ಓಡಾಡುವುದಿಲ್ಲ. ಮುಳಬಾಗಿಲಿನಲ್ಲಿ ಹುಟ್ಟಿ ಬೆಳೆದ ನನಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಆ ಮಾತನ್ನು ಎಲ್ಲಿ ಬಳಸಬಾರದೋ ಅಲ್ಲಿ ಬಳಸಿದೆ. ಅದರಿಂದ ಒಬ್ಬ ಹೆಂಗಸಿನ ಮಾನ ಹೋಯಿತು. ಹೋದದ್ದು ಗೊತ್ತಾದ ಮೇಲೂ ನಾನು ಬಾಯಿ ಬಿಡಲಿಲ್ಲ. ಇಲ್ಲಿ ಬರೆಯಲು ಹೊರಟಿರುವುದು ಇಷ್ಟನ್ನೇ.

ತೊಂಬತ್ತರ ದಶಕದ ಕೊನೆಗೆ ನಾನು ಕೋಲಾರದ ಒಂದು ಖಾಸಗಿ ಹಾಲಿನ ಕಂಪನಿಗೆ ಡೇಟಾ ಎಂಟ್ರಿ ಕೆಲಸಕ್ಕೆ ಸೇರಿದೆ. ದಿನಾ ಮುಳಬಾಗಿಲಿನಿಂದ ಬಸ್ಸು. ಕಂಪನಿಗೆ ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ಮೂರೂ ಕಡೆ ಹಾಲು ತಣಿಸುವ ಕೇಂದ್ರಗಳಿದ್ದವು. ಹಳ್ಳಿಗಳ ಹಾಲು ಅಲ್ಲಿಗೆ ಬಂದು, ತೂಕವಾಗಿ, ಪರೀಕ್ಷೆಯಾಗಿ, ಟ್ಯಾಂಕರಿನಲ್ಲಿ ಕೋಲಾರಕ್ಕೆ ಬರುತ್ತಿತ್ತು. ಅದೇ ಟ್ಯಾಂಕರಿನ ಡ್ರೈವರ್ ಜೇಬಿನಲ್ಲಿ ಆ ದಿನದ ಲೆಕ್ಕದ ಫ್ಲಾಪಿ ಬರುತ್ತಿತ್ತು. ಕೆಲವೊಮ್ಮೆ ಫ್ಲಾಪಿಯ ಮೇಲೆ ಹಾಲಿನ ಕಲೆ, ಕೆಲವೊಮ್ಮೆ ಬೀಡಿಯ ವಾಸನೆ. ಅದನ್ನು ಒರೆಸಿ ಮಿಷನ್ನಿಗೆ ಹಾಕುವುದೇ ನನ್ನ ಮೊದಲ ಕೆಲಸವಾಗಿತ್ತು.

ನಾಲ್ಕೈದು ವರ್ಷದಲ್ಲಿ ಪ್ರೋಗ್ರಾಂ ಬರೆಯುವುದನ್ನು ಕಲಿತುಕೊಂಡೆ. ಆಗಲೇ ಕಂಪನಿಗೆ ಡೇಟಾ ವೇರ್‌ಹೌಸ್ ಮಾಡುವ ಹುಕ್ಕಿ ಬಂತು. ಮೂರು ಕೇಂದ್ರಗಳ ಎಷ್ಟೋ ವರ್ಷದ ಲೆಕ್ಕವನ್ನು ಒಂದೇ ಕಡೆ ಕೂಡಿಟ್ಟು, ಯಾವ ಊರಿನ ಹಾಲು ಯಾವ ತಿಂಗಳು ಹೇಗಿತ್ತು ಎಂದು ಕೇಳಿದ ತಕ್ಷಣ ಹೇಳಬೇಕು. ನಮ್ಮ ಮ್ಯಾನೇಜರು ಒಳ್ಳೆಯ ಮನುಷ್ಯ, ಕನ್ನಡದ ಅಭಿಮಾನಿ. ಅದಕ್ಕೆ ‘ಮಾಹಿತಿ ಉಗ್ರಾಣ’ ಎಂದು ಹೆಸರಿಟ್ಟು ಸುತ್ತೋಲೆ ಕಳಿಸಿದರು. ಮರುದಿನ ಸ್ಟೋರ್ ಕೀಪರ್ ನನ್ನ ಮೇಜಿನ ಮುಂದೆ ಬಂದು ನಿಂತು, ಹೊಸ ಉಗ್ರಾಣದ ಬೀಗದ ಕೈ ಯಾರ ಹತ್ತಿರ ಇರುತ್ತದೆ, ಅಲ್ಲಿ ಹಳೇ ಕ್ಯಾನು ಇಡಬಹುದೇ ಎಂದು ಕೇಳಿದ. ನಾನು ಅವನನ್ನು ಒಂದು ವಾರ ಆಡಿಕೊಂಡು ನಕ್ಕೆ. ನನಗೆ ಆಗ ತಲೆ ಭುಜದ ಮೇಲೆ ನಿಲ್ಲುತ್ತಿರಲಿಲ್ಲ.

ಉಗ್ರಾಣದೊಳಗೆ ನಾನು ಹಟ ಹಿಡಿದು ಮಾಡಿಸಿದ ಒಂದು ಕೆಲಸವಿತ್ತು. ಒಂದು ಊರಿನ ಹಾಲು ಎಂದರೆ ಕಂಪ್ಯೂಟರಿಗೆ ನಾಲ್ಕು ಸಂಗತಿ: ಊರು, ತೂಕ, ಫ್ಯಾಟು, ಡಿಗ್ರಿ. ನಾಲ್ಕನ್ನೂ ತುಂಬಿಸಿ ಕೊನೆಯ ಕೀಲಿ ಒತ್ತಿದರೆ ಆ ವಹಿವಾಟು ಪಕ್ಕಾ. ನಡುವೆ ಕರೆಂಟು ಹೋದರೆ, ಮತ್ತೆ ಎದ್ದಾಗ ಕಂಪ್ಯೂಟರು ಅರ್ಧ ಬರೆದದ್ದನ್ನು ತಾನೇ ತೆಗೆದುಹಾಕಿ, ಏನೂ ಆಗಿಯೇ ಇಲ್ಲ ಎಂಬಂತೆ ಕೂರುತ್ತದೆ. ಇದಕ್ಕೆ ರೋಲ್‌ಬ್ಯಾಕ್ ಎನ್ನುತ್ತಾರೆ. ಆದರೆ ಅದು ಆಯಿತು ಎನ್ನುವ ಒಂದು ಸಾಲು ಮೂಲೆಯ ಫೈಲೊಂದರಲ್ಲಿ ಉಳಿದಿರುತ್ತದೆ. ಬೆಂಗಳೂರಿನಿಂದ ಬಂದಿದ್ದ ಸಲಹೆಗಾರ ಅಂಥವನ್ನೆಲ್ಲ ಉಗ್ರಾಣಕ್ಕೆ ತರುವುದು ಬೇಡ ಎಂದ. ಸತ್ತ ವಹಿವಾಟಿಗೆ ಯಾಕೆ ಶ್ರಾದ್ಧ, ಬಿಡಿ ಮೇಡಂ ಅಂತ ನಕ್ಕ. ನಾನು ಬಿಡಲಿಲ್ಲ. ರದ್ದಾದ ಒಂದೊಂದಕ್ಕೂ ಗುರುತು ಇರಲೇಬೇಕು ಎಂದು ವಾದ ಹೂಡಿ ಗೆದ್ದೆ.

ಆ ಹಟ ನಮ್ಮಪ್ಪನಿಂದ ಬಂದದ್ದು. ಅಪ್ಪ ಮುಳಬಾಗಿಲಿನ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಕೂತು ಪತ್ರ ಬರೆಯುತ್ತಿದ್ದರು. ಕ್ರಯಪತ್ರ, ಭಾಗಪತ್ರ, ದಾನಪತ್ರ. ಚಿಕ್ಕಂದಿನಲ್ಲಿ ನಾನು ಕಾಪಿ ಪುಸ್ತಕದಲ್ಲಿ ತಪ್ಪಾದದ್ದನ್ನು ರಬ್ಬರಿನಿಂದ ಉಜ್ಜಿ ಉಜ್ಜಿ ಹಾಳೆ ತೂತು ಮಾಡಿದಾಗ ಅಪ್ಪ ರಬ್ಬರು ಕಿತ್ತುಕೊಂಡು ಹೇಳಿದ್ದರು: “ತಪ್ಪಾಯ್ತಾ, ಒಂದೇ ಒಂದು ಗೆರೆ ಎಳಿ. ಕೆಳಗಿರೋದು ಓದೋಕೆ ಆಗ್ಬೇಕು. ಪಕ್ಕದಲ್ಲಿ ಸಹಿ ಹಾಕು. ಹೊಡೆದು ಹಾಕ್ದೋನು ಕಳ್ಳ ಅಲ್ಲ ಕಣೇ, ಅಳಿಸ್ದೋನು ಕಳ್ಳ.” ಅವರು ಬರೆದ ಪತ್ರಗಳ ಕೊನೆಯಲ್ಲಿ ಎಷ್ಟು ಚಿತ್ತು, ಎಷ್ಟು ಕಾಟು ಎಂದು ಎಣಿಸಿ ಬರೆದಿರುತ್ತಿತ್ತು. ಈ ಕಥೆಯನ್ನು ನಾನು ಆ ಸಲಹೆಗಾರನಿಗೂ ಹೇಳಿದೆ, ಮ್ಯಾನೇಜರಿಗೂ ಹೇಳಿದೆ. ಕೇಳಿದವರೆಲ್ಲ ತಲೆದೂಗಿದರು. ಅದನ್ನು ನೆನೆದರೆ ಈಗ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ಗೊತ್ತಾಗುವುದಿಲ್ಲ.

ಉಗ್ರಾಣ ತಯಾರಾದ ಮೇಲೆ ಮ್ಯಾನೇಜರು, ಹಳ್ಳಿಯವರಿಗೆ ಅರ್ಥವಾಗುವ ಹಾಗೆ ಕನ್ನಡದಲ್ಲಿ ಒಂದು ವರದಿ ಬೇಕು ಎಂದರು. ಮೂರು ತಿಂಗಳಿಗೊಮ್ಮೆ ಊರುಗಳ ಪಟ್ಟಿ ಅಚ್ಚಾಗಬೇಕು, ಪ್ರತಿ ಕೇಂದ್ರದ ಗೋಡೆಗೆ ಅಂಟಬೇಕು. ನಾನು ಇಂಗ್ಲಿಷಿನ ಗುರುತುಗಳಿಗೆಲ್ಲ ಒಂದೊಂದು ಕನ್ನಡ ಪದ ಕೊಟ್ಟುಕೊಂಡು ಕೂತೆ. ಹಾಲು ಕೆಟ್ಟು ತಿರಸ್ಕಾರವಾದರೆ ರಿಟರ್ನ್. ಅದಕ್ಕೆ ವಾಪಸ್ ಎಂದು ಬರೆದೆ. ಅದಕ್ಕೆ ಬೇರೆ ಪದವನ್ನು ನಮ್ಮ ಜಿಲ್ಲೆಯಲ್ಲಿ ಯಾರೂ ಬಳಸುವುದಿಲ್ಲ. ಪಟ್ಟಿಯ ಕೆಳಗೆ ರೋಲ್‌ಬ್ಯಾಕ್ ಬಂತು. ‘ಹಿಂದಕ್ಕೆ ಉರುಳಿದ್ದು’ ಎಂದು ಬರೆದು ನೋಡಿದೆ, ನಗು ಬಂತು, ಅಳಿಸಿದೆ. ಕಂಪ್ಯೂಟರು ಕೊಟ್ಟದ್ದನ್ನು ವಾಪಸ್ ತೆಗೆದುಕೊಳ್ಳುತ್ತದಲ್ಲ ಎಂದುಕೊಂಡು ಅದಕ್ಕೂ ವಾಪಸ್ ಎಂದೇ ಬರೆದೆ. ಊಟದ ಹೊತ್ತಾಗಿತ್ತು, ಎದ್ದು ಹೋದೆ. ವರದಿ ಕೂಡುತ್ತಿದ್ದದ್ದು ಪದ ನೋಡಿಕೊಂಡು. ಕಂಪ್ಯೂಟರಿಗೆ ಬೇರೆ ಬೇರೆಯಾಗಿದ್ದ ಎರಡು ಸಂಗತಿ ನನ್ನ ಕನ್ನಡದಲ್ಲಿ ಒಂದೇ ಆಗಿ, ಒಂದೇ ಕಾಲಮ್ಮಿನಲ್ಲಿ ಮೊತ್ತವಾಗಿ ಕೂತವು.

ಮೊದಲ ಪಟ್ಟಿಯಲ್ಲಿ ಶ್ರೀನಿವಾಸಪುರದ ಊರುಗಳೆಲ್ಲ ಮೇಲಿದ್ದವು. ಆ ಕೇಂದ್ರಕ್ಕೆ ಒಂದು ಗೋಡೆ ಗಡಿಯಾರ ಬಹುಮಾನವೂ ಹೋಯಿತು. ಕಟ್ಟಕಡೆಯಲ್ಲಿ ದೇವರಾಯಸಮುದ್ರದಿಂದ ಆವನಿಯ ಕಡೆಗೆ ಹೋಗುವ ದಾರಿಯ ಒಂದು ಊರು. ವಾಪಸ್: ಮೂವತ್ತೊಂದು.

ಆ ಊರಿನಲ್ಲಿ ಹಾಲು ಪರೀಕ್ಷೆ ಮಾಡುತ್ತಿದ್ದವರು ನಲವತ್ತು ದಾಟಿದ ಒಬ್ಬ ಹೆಂಗಸು. ಏಳನೇ ಕ್ಲಾಸು ಓದಿದ್ದರು. ಹತ್ತು ವರ್ಷದಿಂದ ಬೆಳಿಗ್ಗೆ ಸಂಜೆ ಎರಡು ಹೊತ್ತೂ ಪ್ರತಿ ಮನೆಯ ಹಾಲಿಗೆ, ನೀರು ಬೆರೆತದ್ದನ್ನು ತೋರಿಸುವ ಲ್ಯಾಕ್ಟೋಮೀಟರ್ ಇಳಿಸಿ, ಡಿಗ್ರಿ ನೋಡಿ, ಕಡಿಮೆ ಬಂದರೆ ಸ್ವಂತ ನಾದಿನಿಯ ಹಾಲನ್ನೂ ಮುಲಾಜಿಲ್ಲದೆ ತಿರುಗಿಸಿ ಕಳಿಸುತ್ತಿದ್ದರಂತೆ. ಪಟ್ಟಿ ಅಂಟಿಸಿದ ವಾರದಲ್ಲೇ ಅವರು ಕೋಲಾರಕ್ಕೆ ಬಂದರು. ಮ್ಯಾನೇಜರು ಮಾಲೂರಿಗೆ ಹೋಗಿದ್ದರಿಂದ ನನ್ನ ಮುಂದೆ ಕೂರಿಸಿದರು. ಮಡಿಲಲ್ಲಿ ಬಟ್ಟೆ ಸುತ್ತಿದ ಲ್ಯಾಕ್ಟೋಮೀಟರ್. ಅದನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಇದರಲ್ಲಿ ದೋಷವಿದ್ದರೆ ನೋಡಿ ಅಂದರು. ಆಮೇಲೆ ಒಂದು ಮಾತು ಕೇಳಿದರು.

“ಮೂವತ್ತೊಂದ್ಸಲ ವಾಪಸ್ ಆಗಿದ್ರೆ ಮೂವತ್ತೊಂದ್ಸಲ ಕ್ಯಾನು ಊರಿಗೆ ಬರ್ಬೇಕಲ್ಲಮ್ಮ? ಒಂದೂ ಬಂದಿಲ್ಲ. ಎಲ್ಲಿ ಹೋದ್ವು?”

ಇಡೀ ಉಗ್ರಾಣದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ನಾನೇ ಕೇಳಬೇಕಾಗಿದ್ದ ಪ್ರಶ್ನೆ. ಉತ್ತರ ಬೇಕಿದ್ದರೆ ನೋಡಲು ಮುಳಬಾಗಿಲು ಕೇಂದ್ರದ ಬಾಗಿಲಲ್ಲಿ ಮೊದಲು ಒಂದು ಕಾಗದದ ರಿಜಿಸ್ಟರು ಇರುತ್ತಿತ್ತು, ತಿರಸ್ಕರಿಸಿದ ಕ್ಯಾನುಗಳನ್ನು ಅದರಲ್ಲಿ ಬರೆಯುತ್ತಿದ್ದರು. ಕಂಪ್ಯೂಟರು ಇರುವಾಗ ಅದು ಡಬಲ್ ಕೆಲಸ ಎಂದು ಹೇಳಿ ನಿಲ್ಲಿಸಿದವಳೂ ನಾನೇ. ಆವತ್ತು ಅವರ ಮಾತು ನನಗೆ ಪ್ರಶ್ನೆಯಾಗಿ ಕೇಳಿಸಲೇ ಇಲ್ಲ, ಜಾಣತನವಾಗಿ ಕೇಳಿಸಿತು. ಪಟ್ಟಿಯ ಆ ಸಾಲಿನ ಮೇಲೆ ಪೆನ್ನಿಟ್ಟು ತೋರಿಸಿ ಹೇಳಿದೆ:

“ಕಂಪ್ಯೂಟರ್ ಸುಳ್ಳು ಹೇಳಲ್ಲಕ್ಕ. ಸುಳ್ಳು ಹೇಳೋದು ಮನುಷ್ಯರು.”

ಅವರು ಲ್ಯಾಕ್ಟೋಮೀಟರನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡರು. ಅದು ಗಾಜಿನದು, ಸುತ್ತುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ನಾನು ಅಷ್ಟು ಹೊತ್ತೂ ಗಡಿಯಾರ ನೋಡುತ್ತಿದ್ದೆ.

ಮುಂದಿನ ತಿಂಗಳು ಅವರನ್ನು ಪರೀಕ್ಷೆಯ ಕೆಲಸದಿಂದ ಬಿಡಿಸಿದರು. ಲ್ಯಾಕ್ಟೋಮೀಟರ್ ಕಂಪನಿಯದಾದ್ದರಿಂದ ಅದನ್ನೂ ವಾಪಸ್ ಪಡೆದರು. ಊರಿನಲ್ಲಿ ಆದದ್ದನ್ನು ವ್ಯಾನಿನ ಡ್ರೈವರ್ ಬಂದು ನಮ್ಮ ಆಫೀಸಿನಲ್ಲಿ ನಗುತ್ತಾ ಹೇಳಿದ. ಕ್ಯಾನು ಊರಿಗೆ ಬಂದಿಲ್ಲ ಎನ್ನುವುದು ಊರವರಿಗೂ ಗೊತ್ತು. ಆದರೆ ಅಚ್ಚಾದ ಕಾಗದ ಸುಳ್ಳಾಗುವುದುಂಟೇ? ಹಾಗಾಗಿ ಅವರೇ ಒಂದು ಕಥೆ ಕಟ್ಟಿದರು: ಅವಳು ಡ್ರೈವರಿಗೆ ಹೇಳಿ ಕೆಟ್ಟ ಹಾಲನ್ನು ದಾರಿಯಲ್ಲೇ ಚೆಲ್ಲಿಸುತ್ತಿದ್ದಳು. ತಮ್ಮ ಹಾಲನ್ನು ಅವರು ತಿರುಗಿಸಿ ಕಳಿಸಿದ್ದನ್ನು ಮರೆಯದವರು ಇದಕ್ಕೆ ಇನ್ನಷ್ಟು ಉಪ್ಪು ಖಾರ ಹಚ್ಚಿದರು. ಅವರೂ ಡ್ರೈವರೂ ಎಂಬ ಮಾತೂ ಹುಟ್ಟಿತಂತೆ. ಡ್ರೈವರಿಗೆ ಅದು ತಮಾಷೆ.

ಎರಡು ತಿಂಗಳು ಕಳೆದ ಮೇಲೆ, ಹೊಸ ಪ್ರಿಂಟರ್ ಜೋಡಿಸುವುದಕ್ಕೆ ನಾನು ಬೆಳಿಗ್ಗೆಯೇ ಮುಳಬಾಗಿಲು ಕೇಂದ್ರಕ್ಕೆ ಹೋಗಿದ್ದೆ. ವ್ಯಾನುಗಳು ಒಂದರ ಹಿಂದೊಂದು ಬಂದು ಕ್ಯಾನು ಇಳಿಸುತ್ತಿದ್ದವು. ಆಪರೇಟರ್ ಒಂದು ಊರಿನ ತೂಕ ತುಂಬಿಸಿದ, ಫ್ಯಾಟು ತುಂಬಿಸಿದ, ಅಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್‌ನ ಬ್ಯಾಟರಿ ಸತ್ತು ಯಾವ ಕಾಲವಾಗಿತ್ತೋ. ಜನರೇಟರ್ ಹೊಡೆದುಕೊಂಡು ಹೊಡೆದುಕೊಂಡು ಕೊನೆಗೆ ಶುರುವಾಯಿತು. ಅವನು ಕಂಪ್ಯೂಟರು ಎಬ್ಬಿಸಿ ಅದೇ ಊರಿನ ಅದೇ ಹಾಲನ್ನು ಮೊದಲಿನಿಂದ ತುಂಬಿಸಿದ. ನಾನು ಸುಮ್ಮನೆ ಕೇಳಿದೆ, ದಿನಾ ಹೀಗೇನಾ ಎಂದು. ಈ ಹೊತ್ತಿಗೆ ಕರೆಂಟು ತೆಗೆಯುವುದು ವಾಡಿಕೆ, ಹೆಚ್ಚೂ ಕಡಿಮೆ ಯಾವಾಗಲೂ ಇದೇ ವ್ಯಾನಿಗೇ ಸಿಕ್ಕಿಕೊಳ್ಳುತ್ತದೆ ಎಂದ. ಯಾವ ಊರಿನ ವ್ಯಾನು ಎಂದು ಕೇಳುವ ಅಗತ್ಯವಿರಲಿಲ್ಲ. ಪರದೆಯ ಮೇಲೆ ಊರಿನ ಹೆಸರಿತ್ತು.

ಶ್ರೀನಿವಾಸಪುರಕ್ಕೆ ಗಡಿಯಾರ ಕೊಡಿಸಿದ್ದು ಅಲ್ಲಿಯ ಹಾಲಲ್ಲ, ಅಲ್ಲಿಯ ಬ್ಯಾಟರಿ. ಆ ಮೂವತ್ತೊಂದರಲ್ಲಿ ಒಂದೂ ಹಾಲಿನ ವಾಪಸ್ಸಲ್ಲ. ಕೋಲಾರಕ್ಕೆ ಬಂದು ಕೂತು ಉಗ್ರಾಣ ತೆರೆದು ನೋಡಿದೆ. ಹೌದು, ಒಂದೂ ಅಲ್ಲ. ಮೂವತ್ತೊಂದೂ ರೋಲ್‌ಬ್ಯಾಕು. ನಾನೇ ಹಟ ಮಾಡಿ ಉಳಿಸಿಕೊಂಡ ಗುರುತುಗಳು ನನ್ನ ಮುಂದೆ ಸಾಲಾಗಿ ಕೂತಿದ್ದವು.

ಆಗ ನಾನು ಮಾಡಬೇಕಾಗಿದ್ದು ಎದ್ದು ಹತ್ತು ಹೆಜ್ಜೆ ನಡೆದು ಮ್ಯಾನೇಜರ ಕೋಣೆಯ ಬಾಗಿಲು ತಟ್ಟುವುದು. ಎದ್ದೆ ಕೂಡ. ಆದರೆ ಆ ತಿಂಗಳು ನನ್ನ ಕೆಲಸ ಖಾಯಂ ಆಗುವುದಿತ್ತು. ಅದಕ್ಕಿಂತ ಹೆಚ್ಚಾಗಿ, ಆ ಸಲಹೆಗಾರ ನಗುತ್ತಾನೆ ಎಂದು ಹೆದರಿದೆ. ಸತ್ತ ವಹಿವಾಟಿನ ಶ್ರಾದ್ಧ ಮಾಡಲು ಹೋಗಿ ಬದುಕಿದವರ ತಿಥಿ ಮಾಡಿದ ಹುಡುಗಿ ಎಂದು ಅವನು ಹೇಳುವುದು ಕಿವಿಗೆ ಕೇಳಿಸಿದಂತಾಯಿತು. ಮತ್ತೆ ಕೂತೆ. ರೋಲ್‌ಬ್ಯಾಕಿನ ಎದುರಿಗಿದ್ದ ಪದ ತೆಗೆದು ‘ರದ್ದು’ ಎಂದು ಹಾಕಿದೆ. ಅದಕ್ಕೆ ಬೇರೆ ಕಾಲಂ ಮಾಡಿದೆ. ಹಳೆಯ ವರದಿಯ ಫೈಲನ್ನು ಅಳಿಸಿ ಅದೇ ಹೆಸರಿನಲ್ಲಿ ಸರಿಯಾದದ್ದನ್ನು ಇಟ್ಟೆ. ಗೆರೆ ಎಳೆಯಲಿಲ್ಲ, ಪಕ್ಕದಲ್ಲಿ ಸಹಿ ಹಾಕಲಿಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ, ಯಾರೂ ನೋಡಲಿಲ್ಲ ಎಂದುಕೊಂಡೆ.

ಮುಂದಿನ ಪಟ್ಟಿಯಲ್ಲಿ ಆ ಊರಿನ ವಾಪಸ್ ಸೊನ್ನೆ. ಮ್ಯಾನೇಜರು ಖುಷಿಯಾಗಿ, ನೋಡಿದ್ಯಾ, ಆ ಹೆಂಗಸನ್ನು ಬಿಡಿಸಿದ ತಕ್ಷಣ ಹೇಗೆ ಸರಿಹೋಯಿತು ಅಂದರು. ನಾನು ಹೌದು ಸಾರ್ ಅಂದೆ. ನನ್ನ ತಪ್ಪಿಗೆ ನಾನು ಹಾಕಿದ ತೇಪೆ ಅವರ ಮೇಲಿನ ಆರೋಪಕ್ಕೆ ಸಾಕ್ಷಿಯಾಯಿತು. ಅಪ್ಪನಿಗೆ ಕೆಲಸ ಖಾಯಂ ಆದ ಸುದ್ದಿ ಹೇಳಿ, ಪೇಟೆಯಿಂದ ಸಿಹಿ ತಂದು ಮನೆಮಂದಿಗೆಲ್ಲ ಹಂಚಿದೆ. ಅವರು ನನ್ನ ಉಗ್ರಾಣದ ಕಥೆಯನ್ನು ಬಂದವರಿಗೆಲ್ಲ ಹೇಳುತ್ತಿದ್ದರು, ನನ್ನ ಮಗಳು ಕಂಪ್ಯೂಟರಿಗೂ ಚಿತ್ತು ಕಾಟು ಎಣಿಸೋದು ಕಲಿಸಿದಾಳೆ ಎಂದು. ಅವರು ತೀರಿಕೊಳ್ಳುವವರೆಗೂ ಹೇಳಿದರು. ನಾನು ತಡೆಯಲಿಲ್ಲ.

ಐದು ವರ್ಷ ಹೀಗೇ ಕಳೆಯಿತು. ದೇವರಾಯಸಮುದ್ರದ ಹತ್ತಿರ ಬಸ್ಸು ನಿಧಾನವಾದರೆ ನಾನು ಕಿಟಕಿ ಬಿಟ್ಟು ಬೇರೆ ಕಡೆ ನೋಡುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಜಾತಿ ನನ್ನದು. ಆಮೇಲೆ ನನ್ನನ್ನು ಮಾಲೂರಿಗೆ ಹಾಕಿದರು. ಅಲ್ಲಿ ಹೊಸದಾಗಿ ಸೇರಿದ ಹುಡುಗಿಯರಿಗೆ ವರದಿ ಓದುವುದನ್ನು ಕಲಿಸುತ್ತಿದ್ದೆ. ಮಾಸ್ತಿಯ ಕಡೆಯಿಂದ ಬರುತ್ತಿದ್ದ ಒಬ್ಬಳು, ವಾಪಸ್ ಒಂದು ಕಾಲಂ, ರದ್ದು ಒಂದು ಕಾಲಂ ಯಾಕೆ ಮೇಡಂ, ಎರಡೂ ಒಂದೇ ಅಲ್ಲವಾ ಎಂದಳು. ಅಲ್ಲ ಎಂದೆ. ಮೊದಲಿನಿಂದಲೂ ಎರಡು ಇತ್ತಾ ಎಂದು ಕೇಳಿದಳು. ಮೊದಲಿನಿಂದಲೂ ಎರಡೇ ಎಂದೆ. ಅವಳು ಅದನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡಳು. ಅವಳು ಬರೆಯುವುದನ್ನು ನೋಡುತ್ತಾ ನಿಂತವಳಿಗೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆ ಭಾನುವಾರ ಆ ಹೆಂಗಸಿನ ಊರಿಗೆ ಬಸ್ಸು ಹತ್ತಿದೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅವರು ಹೊರಗೆ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು. ಅವರಿಗೆ ಮೊದಲು ನನ್ನ ಗುರುತು ಸಿಗಲಿಲ್ಲ. ಹಾಲಿನ ಕಂಪನಿ ಎಂದಾಗ ಕೈ ನಿಂತಿತು. ಆದರೂ ಎದ್ದು ಚಾಪೆ ಹಾಸಿದರು, ಬಿಸಿಲಲ್ಲಿ ಬಂದಿದೀಯ ಕೂತ್ಕೊಮ್ಮ ಎಂದು ಕಾಫಿಗೆ ಹೊರಟರು. ಒಲೆಗೆ ಹಾಲು ಇಡುವ ಮೊದಲು ಅವರು ಮಾಡಿದ್ದನ್ನು ನಾನು ಕೂತಲ್ಲಿಂದಲೇ ನೋಡಿದೆ. ಗೂಡಿನಿಂದ ಒಂದು ಲ್ಯಾಕ್ಟೋಮೀಟರ್ ತೆಗೆದರು, ಎತ್ತರದ ಲೋಟಕ್ಕೆ ಹಾಲು ಸುರಿದು ಅದನ್ನು ಇಳಿಬಿಟ್ಟರು, ಅದು ತೇಲಿ ನಿಲ್ಲುವವರೆಗೆ ಕಾದರು. ಆಮೇಲೆ ಲೋಟವನ್ನು ಹಾಗೇ ಹಿಡಿದುಕೊಂಡು ನನ್ನ ಮುಂದೆ ತಂದು, ನೋಡ್ಕೊಮ್ಮ ಎಂದರು. ನನ್ನನ್ನು ಹಂಗಿಸಲಿಕ್ಕೆ ಅಲ್ಲ. ಈಗ ಯಾರೇ ಬಂದರೂ ಹಾಗೇ ತೋರಿಸುತ್ತಾರಂತೆ, ಬೀಗರಿಗೂ. ಆ ಲ್ಯಾಕ್ಟೋಮೀಟರು ಕೋಲಾರದ ಅಂಗಡಿಯಲ್ಲಿ ಸ್ವಂತಕ್ಕೆ ಕೊಂಡು ತಂದದ್ದು ಎಂದರು.

ಕಾಫಿ ತಂದು ಕೊಟ್ಟರು. ಲೋಟ ಕೆಳಗಿಟ್ಟು ಹೇಳಿದೆ. ಕರೆಂಟು ಹೋದದ್ದು, ಕಂಪ್ಯೂಟರು ಅರ್ಧ ಬರೆದದ್ದನ್ನು ತೆಗೆದದ್ದು, ಅದಕ್ಕೂ ವಾಪಸ್ ಎಂಬ ಪದವೇ ಬಿದ್ದದ್ದು. ಬಿದ್ದದ್ದು ಎಂದೆ, ಹಾಕಿದ್ದು ಎನ್ನಲಿಲ್ಲ. ನಿಮ್ಮ ಹಾಲು ಒಂದು ದಿನವೂ ವಾಪಸ್ ಆಗಿರಲಿಲ್ಲ ಅಕ್ಕ ಎಂದೆ. ಅವರು ಕಣ್ಣು ಒರೆಸಿಕೊಂಡರು. ಆಮೇಲೆ ನಾನು ದಾರಿಯುದ್ದಕ್ಕೂ ಹೆದರಿದ್ದ ಪ್ರಶ್ನೆ ಕೇಳಿದರು.

“ಇದು ನಿಂಗೆ ಯಾವಾಗ ಗೊತ್ತಾಯ್ತಮ್ಮ?”

ಆ ವರ್ಷವೇ ಅಕ್ಕ, ಎರಡೇ ತಿಂಗಳಿಗೆ: ಇಷ್ಟೇ ಹೇಳಬೇಕಾಗಿದ್ದು. ಬಸ್ಸಿನಲ್ಲಿ ಹತ್ತು ಸಲ ಬಾಯಿಪಾಠ ಮಾಡಿಕೊಂಡಿದ್ದೆ.

“ಮೊನ್ನೆ,” ಎಂದೆ. “ಮೊನ್ನೆ ಶುಕ್ರವಾರ.”

ಅವರು ನನ್ನ ಎರಡೂ ಕೈ ಹಿಡಿದುಕೊಂಡರು. “ಶುಕ್ರವಾರ ಗೊತ್ತಾದ್ರೆ ಭಾನುವಾರ ಓಡಿ ಬಂದಿದೀಯಲ್ಲೇ ತಾಯಿ. ಯಾರು ಬರ್ತಾರೆ ಈ ಕಾಲ್ದಲ್ಲಿ?” ಎಂದರು. ಆಮೇಲೆ ಬೀದಿಗೆ ಇಳಿದು ತೆಲುಗಿನಲ್ಲಿ ‘ಅಂದರೂ ರಾಂಡಿ’, ಎಲ್ಲರೂ ಬನ್ನಿ ಎಂದು ಅಕ್ಕಪಕ್ಕದವರನ್ನೆಲ್ಲ ಕೂಗಿದರು. ಏಳೆಂಟು ಜನ ಬಂದು ಜಗಲಿಯ ಕೆಳಗೆ ನಿಂತರು. ಅವರ ಮುಂದೆ ನಾನು ಎಲ್ಲವನ್ನೂ ಇನ್ನೊಂದು ಸಲ ಹೇಳಿದೆ, ಶುಕ್ರವಾರವನ್ನೂ ಸೇರಿಸಿ. ಮುದುಕನೊಬ್ಬ ಒಳ್ಳೆ ಮನೆತನದ ಹುಡುಗಿ ಎಂದ. ಅಲ್ಲಿಗೆ ಮುಗಿಯಲಿಲ್ಲ. ಬಾಯಿ ಮಾತು ನಾಳೆ ಯಾರೂ ಒಪ್ಪುವುದಿಲ್ಲ, ಅಚ್ಚಾದ ಕಾಗದದಲ್ಲಿ ಹೋದ ಮಾನ ಕಾಗದದಲ್ಲೇ ಬರಬೇಕು, ಬರೆದುಕೊಡು ಎಂದು ಕೇಳಿದರು. ಮೊಮ್ಮಗಳ ಪುಸ್ತಕದಿಂದ ಒಂದು ಹಾಳೆ ಹರಿದು ತಂದರು.

ಪತ್ರ ಬರೆಯುವವರ ಮಗಳು ನಾನು. ಮೊಳಕಾಲ ಮೇಲೆ ಹಾಳೆ ಇಟ್ಟುಕೊಂಡು ಅಪ್ಪನ ಧಾಟಿಯಲ್ಲೇ ಬರೆದೆ. ಈ ದೋಷವು ದಿನಾಂಕ ಇಂಥದ್ದರಂದು ನನ್ನ ಗಮನಕ್ಕೆ ಬಂದಿರುತ್ತದೆ ಎನ್ನುವ ಸಾಲಿಗೆ ಬಂದಾಗ ಪೆನ್ನು ನಿಂತಿತು. ಅವರು ಪಕ್ಕದಲ್ಲೇ ಕೂತು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದರು. ಶುಕ್ರವಾರದ ತಾರೀಖನ್ನು ಹಾಕಿ ಸಹಿ ಮಾಡಿಕೊಟ್ಟೆ. ಹೊರಡುವಾಗ ಒಂದು ಡಬ್ಬಿ ತುಂಬ ತುಪ್ಪ ಕೊಟ್ಟರು. ತೆಗೆದುಕೊಂಡು ಬಸ್ಸು ಹತ್ತಿದೆ.

ಆಮೇಲೆ ನಾನು ಆ ಊರಿಗೆ ಹೋಗಿಲ್ಲ. ಆ ಹಾಳೆಗೆ ಗಾಜು ಹಾಕಿಸಿ ಬಾಗಿಲ ಎದುರಿನ ಗೋಡೆಗೆ ತೂಗುಹಾಕಿದ್ದಾರೆ ಎಂದು ಮುಳಬಾಗಿಲಿನಲ್ಲಿ ಸಿಕ್ಕ ವ್ಯಾನಿನ ಡ್ರೈವರ್ ಹೇಳಿದ. ಕೈಬರಹ ಎಷ್ಟು ಚೆನ್ನಾಗಿದೆ ಮೇಡಂ, ಒಂದೂ ಚಿತ್ತಿಲ್ಲ, ಕಾಟಿಲ್ಲ ಅಂದ.